ಸುವೈಕ್‌ವರೆಗೆ ಕೇಳಿಸಿದ ಎರಡು ಮಾತು

ಶಕುನ, ಅಶರೀರವಾಣಿ ಎಂದರೆ ನಗುವವಳು ನಾನು. ಎಲ್ಲದಕ್ಕೂ ಆಧಾರ ಕೇಳುತ್ತೇನೆಂದು ಆಫೀಸಿನಲ್ಲಿ ನನಗೆ ‘ಪ್ರೂಫ್ ಮೇಡಂ’ ಎಂದೇ ಹೆಸರು. ಈಗಲೂ ಅಂಥದ್ದನ್ನೆಲ್ಲ ನಂಬುತ್ತೇನೆಂದು ಹೇಳಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ಒಮಾನಿನ ಅಲ್ ಮವಾಲೇಹ್‌ನ ನಮ್ಮ ಕಟ್ಟಡದ ಕೆಳಮನೆಯಲ್ಲಿ ಬೀಬಿ ಇದ್ದಾರೆ. ಹಿಂದೆಂದೋ ಜಂಜಿಬಾರಿಗೆ ಹೋಗಿ ನೆಲೆಸಿ, ಮತ್ತೆ ಒಮಾನಿಗೆ ಮರಳಿದ ಮನೆತನ ಅವರದು. ಕಪ್ಪು ಮೈಬಣ್ಣ, ಮೆಟ್ಟಿಲು ಹತ್ತುವ ಮೊದಲೇ ಕೇಳಿಸುವ ನಗು. ಅವರ ಒಬ್ಬಳೇ ಮಗಳು ಸಲ್ಮಾ, ಮದುವೆಯಾಗಿ ಇಂಗ್ಲೆಂಡಿಗೆ ಹೋದವಳು, ಎರಡನೇ ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡಳು. ತಲೆ ಸಿಡಿಯುತ್ತಿದೆ ಎಂದು ಆಸ್ಪತ್ರೆಯಲ್ಲಿ ಮೂರು ಸಲ ಹೇಳಿದ್ದಳಂತೆ. ನಿದ್ದೆಗೆಟ್ಟದ್ದಕ್ಕೆ ಹಾಗೆ ಎಂದು ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಕಪ್ಪು ಹೆಂಗಸಿನ ನೋವು ಅಲ್ಲಿಯವರ ಕಿವಿಗೆ ಬೀಳುವುದಿಲ್ಲ ಎನ್ನುತ್ತಿದ್ದರು ಬೀಬಿ. ಅಳಿಯ ಈಗ ತನ್ನಂತೆಯೇ ಹೆಂಡತಿ, ಮಗಳನ್ನು ಕಳಕೊಂಡ ಮನೆಗಳವರ ಜೊತೆ ಸೇರಿ, ಬಾಣಂತಿ ಹೇಳಿದ್ದನ್ನು ಬರೆದುಕೊಳ್ಳಿ, ನಂಬಿ ಎಂದು ಅಲ್ಲಿನ ಆಸ್ಪತ್ರೆಗಳ ಬಾಗಿಲು ತಟ್ಟುತ್ತಿದ್ದಾನೆ.

ಬೀಬಿ ಅದನ್ನೇ ಇಲ್ಲಿ ಒಂದು ಬಿಪಿ ಮೆಷಿನ್ ಇಟ್ಟುಕೊಂಡು ಮಾಡುತ್ತಿದ್ದರು. ಕಟ್ಟಡದ ಬಸುರಿಯರೆಲ್ಲ ಶುಕ್ರವಾರ ಸಂಜೆ ಚಹಾಕ್ಕೆ ಹಾಜರಾಗಲೇಬೇಕು. ತಪ್ಪಿಸಿಕೊಂಡರೆ ಮೆಷಿನ್ನೇ ಮನೆಗೆ ಬರುತ್ತಿತ್ತು. ನನ್ನನ್ನು ‘ಬಿಂತಿ’, ಎಂದರೆ ಮಗಳೇ, ಎನ್ನುತ್ತಿದ್ದರು. ನಮ್ಮಿಬ್ಬರ ಮಾತೆಲ್ಲ ಹರಕುಮುರುಕು ಹಿಂದಿಯಲ್ಲಿ.

ನಾನು ಹೆತ್ತ ಆರನೇ ದಿನ. ಬಾಣಂತನಕ್ಕೆಂದು ಉಡುಪಿಯಿಂದ ಬಂದಿದ್ದ ಅಮ್ಮ ಆ ಸೆಕೆಯಲ್ಲೂ ಏಸಿ ಆರಿಸಿ, ನನ್ನ ಕಿವಿಗೆ ಹತ್ತಿ ತುರುಕಿದ್ದರು. ಬೀಬಿ ತಮ್ಮ ತಂಗಿಯ ಮಗಳ ಮದುವೆಗೆ, ಕಾರಿನಲ್ಲಿ ಗಂಟೆ ದಾರಿಯ ಸುವೈಕ್‌ಗೆ ಹೋಗಿದ್ದರು. ಬೆಳಿಗ್ಗೆ ತಲೆನೋವು ಶುರುವಾಯಿತು. ಗಾಳಿ ತಾಗಿದೆ ಎಂದು ಅಮ್ಮ ತಲೆಗೆ ಬಟ್ಟೆ ಬಿಗಿದರು. ಗಂಡ ಆಫೀಸಿನಿಂದಲೇ ಕ್ಲಿನಿಕ್ಕಿಗೆ ಫೋನ್ ಮಾಡಿದರೆ, ನಿದ್ದೆ ಕಡಿಮೆಯಾದರೆ ಹಾಗಾಗುತ್ತದೆ ಎಂಬ ಉತ್ತರ. ಮಧ್ಯಾಹ್ನದ ಹೊತ್ತಿಗೆ ಕಣ್ಣ ಮುಂದೆ ಬೆಳಕು ಮಿಂಚತೊಡಗಿತು. “ತರೆ ಬೇನೆ”, ತಲೆನೋವು, ಎಂದು ತುಳುವಿನಲ್ಲಿ ಅಮ್ಮನಿಗೆ ಎರಡು ಸಲ ಹೇಳಿದೆ. ಮೂರನೆಯ ಸಲಕ್ಕೆ ದನಿಯೇ ಹೊರಡಲಿಲ್ಲ. ಬೀಬಿ ಇದ್ದಿದ್ದರೆ ಎಂದುಕೊಂಡದ್ದು ನೆನಪಿದೆ.

ಒಂದು ಗಂಟೆ ಕಳೆದಿರಬೇಕು. ಬಾಗಿಲು ಬಡಿದ ಸದ್ದಾಯಿತು. ನೋಡಿದರೆ ಬೀಬಿ. ಮದುವೆಯ ರೇಷ್ಮೆ ಬಟ್ಟೆ, ಕಂಕುಳಲ್ಲಿ ಮೆಷಿನ್, ಹಿಂದೆ ಕಾರು ಓಡಿಸಿಕೊಂಡು ಬಂದ ಮಗ. ಚಪ್ಪಲಿ ಕಳಚುವ ಮೊದಲೇ ಕೇಳಿದರು:

“ಬಿಂತಿ, ‘ತರೆ ಬೇನೆ’ ಅಂದ್ರೆ ಏನು?”

ಹಿಂದಿ ಬಾರದ ಅಮ್ಮ ಅವರ ಕೈ ಹಿಡಿದು ನನ್ನ ಹಣೆಯ ಮೇಲಿಟ್ಟರು. ಬೀಬಿ ನನ್ನ ತೋಳಿಗೆ ಪಟ್ಟಿ ಸುತ್ತಿ, ಅಂಕಿ ನೋಡಿ, “ಯಲ್ಲಾ, ನಡಿ” ಎಂದರು.

ಆಸ್ಪತ್ರೆಯ ಕೌಂಟರಿನಲ್ಲಿ ಅವರೇ ಮುಂದೆ ನಿಂತರು. “ಇವಳು ಹೆತ್ತು ಆರು ದಿನ. ತಲೆನೋವು ಅಂತಿದ್ದಾಳೆ. ಬರ್ಕೊಳ್ಳಿ.” ಬರೆದುಕೊಂಡ ಮೇಲೆಯೇ ಕೂತದ್ದು. ಬಿಪಿ ವಿಪರೀತ ಏರಿತ್ತು, ಇನ್ನು ಸ್ವಲ್ಪ ತಡವಾಗಿದ್ದರೆ ಫಿಟ್ಸ್ ಬಂದು ಜೀವಕ್ಕೇ ಅಪಾಯವಿತ್ತು ಎಂದರು ಡಾಕ್ಟರ್.

ಬೀಬಿಗೆ ಯಾರೂ ಫೋನ್ ಮಾಡಿರಲಿಲ್ಲ. ಅವರು ಆಮೇಲೆ ಹೇಳಿದ್ದು ಇಷ್ಟು: ಮದುವೆಯೂಟಕ್ಕೆ ಕೂತಾಗ ಕಿವಿಯ ಹತ್ತಿರ ಸಲ್ಮಾಳ ದನಿಯಲ್ಲಿ ಆ ಎರಡು ಮಾತು ಮೂರು ಸಲ ಕೇಳಿಸಿತು. ದನಿ ತನ್ನ ಮಗಳದ್ದೇ, ಭಾಷೆ ಮಾತ್ರ ತನ್ನ ಮನೆಯದ್ದಲ್ಲ. ಆ ಭಾಷೆಯಾಡುವ ಮನೆ ಯಾವುದೆಂದು ಗೊತ್ತಿತ್ತು, ಹೊರಟು ಬಂದರು. ‘ಅಮ್ಮ ಕೈ ಕೂಡ ತೊಳೆಯದೆ ಎದ್ದಳು’ ಎಂದು ಬೀಬಿಯ ಮಗನೂ ಹೇಳಿದ.

ನನ್ನ ಅಮ್ಮ ಎಂದೋ ಬೀಬಿಯೆದುರು ಆ ಮಾತಾಡಿರಬಹುದು ಎಂದು ತರ್ಕಿಸಿದೆ. ಬಾಣಂತಿಯ ಮನೆಯಲ್ಲಿ ಆ ಕೆಟ್ಟ ಮಾತು ಯಾರಾಡುತ್ತಾರೆ ಎಂದು ಅಮ್ಮ ನನಗೇ ಬೈದರು. ಒಂದು ವೇಳೆ ಆಡಿದ್ದರೂ, ಅದೇ ಹೊತ್ತಿಗೆ ಯಾಕೆ, ಸಲ್ಮಾಳ ದನಿಯಲ್ಲಿ ಯಾಕೆ?

ಮಗಳಿಗೀಗ ನಾಲ್ಕು ವರ್ಷ. ಶುಕ್ರವಾರದ ಚಹಾಕ್ಕೆ ನಾನೂ ಹೋಗುತ್ತೇನೆ. ‘ತಲೆ ನೋಯುತ್ತಿದೆ’ ಎಂಬುದನ್ನು ಬಸುರಿಯರ ಭಾಷೆಗಳಲ್ಲೆಲ್ಲ ಬರೆದು ಬೀಬಿ ಗೋಡೆಗೆ ಅಂಟಿಸಿದ್ದಾರೆ. ಮೊದಲ ಸಾಲು ತುಳು. ಒಮ್ಮೆ, ಅದು ನಿಜವಾಗಿ ಸಲ್ಮಾಳೇ ಎಂದು ನಂಬುತ್ತೀರಾ ಎಂದು ಕೇಳಿದೆ. ಅವರು ಹೊಸ ಬಸುರಿಯೊಬ್ಬಳ ತೋಳಿಗೆ ಪಟ್ಟಿ ಸುತ್ತುತ್ತಿದ್ದರು.

“ಗೊತ್ತಿಲ್ಲ ಬಿಂತಿ. ಅವಳು ಅಲ್ಲಿ ಮೂರು ಸಲ ಹೇಳಿದಾಗ ನಾನಿಲ್ಲಿ ಮಲಗಿದ್ದೆ. ಈ ಸಲ ಕೇಳಿಸ್ತು.”

ನಾನು ಪ್ರೂಫ್ ಕೇಳಲಿಲ್ಲ.