ಜವರಿ ಒಪ್ಪದ ಬಯಲು

ಜೇನುಕುರುಬರ ಜವರಿ ಯಾರನ್ನೂ ನಂಬಿದವಳಲ್ಲ ಅನ್ನುತ್ತಾರೆ. ಪೂರ್ತಿ ಸುಳ್ಳೇನಲ್ಲ. ಸಂತೆಯಲ್ಲಿ ಉಪ್ಪು ಕೊಂಡರೂ ನಾಲಿಗೆಗಿಟ್ಟು ನೋಡಿಯೇ ಸೆರಗಿಗೆ ಕಟ್ಟುವವಳು.

ಎಪ್ಪತ್ತೆರಡನೇ ಇಸವಿ. ಅಣೆಕಟ್ಟಿನ ನೀರು ಬರುತ್ತದೆಂದು ಕೋಟೆ ತಾಲ್ಲೂಕಿನ ಅವಳ ಹಾಡಿಯ ಹನ್ನೆರಡು ಒಕ್ಕಲನ್ನು ಎಬ್ಬಿಸಬೇಕಿತ್ತು. ಹಳ್ಳದ ಪಕ್ಕದ ಬಯಲಲ್ಲಿ ಕಾಲೋನಿಯ ನಕ್ಷೆ ಆಯಿತು: ಎರಡು ಸಾಲು ಮನೆ, ನಡುವೆ ಒಂದು ಬಾವಿ. ಕಟ್ಟಲು ಬಂದವರು ಹ್ಯಾಂಡ್‌ಪೋಸ್ಟ್ ಎಂಬ ಊರಿನ ಗಾರೆ ಮೇಸ್ತ್ರಿ ಜಾನ್ ಪಾಷಾ. ಅವರು ಪಾಯದ ಗುರುತಿಗೆ ದಾರ ಎಳೆದರೋ ಇಲ್ಲವೋ, ಜವರಿ ಬಂದು ಅದರ ಮೇಲೇ ಕುಳಿತಳು.

"ಏಳಮ್ಮಾ, ದಾರ ಸೊಟ್ಟಗಾಯ್ತದೆ."

"ನೆಟ್ಟಗ್ಯಾಕೆ ಸಾಬ್ರೇ? ನಮ್ಮನ್ನ ಎಣಿಸೋಕಾ?"

ಹುತ್ತ ಏಳದ ನೆಲದಲ್ಲಿ ಗುಡಿಸಲು ಹಾಕುವ ಪದ್ಧತಿ ಜವರಿಯ ಜನರಲ್ಲಿಲ್ಲ. ಗೆದ್ದಲು ಒಲ್ಲದ ಜಾಗ ನೀರು ನಿಲ್ಲುವ ಜಾಗ. ಆ ಬಯಲಲ್ಲಿ ಒಂದು ಹುತ್ತವೂ ಇರಲಿಲ್ಲ.

"ಮಳೇಲಿ ಹಳ್ಳ ಇಲ್ಲೇ ಮಲಗೋದು ಕಣ್ರೀ. ಒಂದೇ ಬಾವಿ, ಒಂದೇ ದಾರಿ. ಎಲ್ಲಾ ಒಟ್ಗೇ ಮುಳುಗ್ಲಿ ಅಂತಾನಾ?"

ಕೆಲಸ ಕೆಡಿಸಲು ಯಾರೋ ಇವಳನ್ನು ಕಳಿಸಿದ್ದಾರೆಂದು ಪಾಷಾರಿಗೂ ಗುಮಾನಿ. "ನಾಟಕ ಬುಡಮ್ಮ" ಎಂದು ಪಾಯ ತೋಡಿಸಿದರು. ಮೊಣಕಾಲಾಳದಲ್ಲಿ ಹಳ್ಳದ ಮರಳು, ಬಸವನಹುಳುವಿನ ಚಿಪ್ಪು! ಹಳ್ಳ ಇಲ್ಲಿಗೆ ಬರುವುದು ನಿಜವೇ. ಚಿಪ್ಪನ್ನು ಅಂಗೈಯಲ್ಲಿಟ್ಟುಕೊಂಡು ಪಾಷಾ ಜವರಿಯತ್ತ ತಿರುಗಿದರು.

"ಮತ್ತೆಲ್ಲಿ ಕಟ್ಲಿ? ತೋರ್ಸಿ, ಇಂಜಿನಿಯರಿಗೆ ನಾನೇ ಹೇಳ್ತೀನಿ."

ಜವರಿ ಸೆರಗು ಕೊಡವಿ ಹೊರಟುಹೋದಳು. ಎತ್ತರದ ದಿಣ್ಣೆ ಇತ್ತು. ಅದರ ನಡುವೆ ಅವಳ ಗಂಡ ಸಿದ್ದನನ್ನೂ ಹಿರಿಯರನ್ನೂ ಮಣ್ಣು ಮಾಡಿದ್ದರು. ತೋರಿಸಿದರೆ ಅದೂ ನಕ್ಷೆಗೆ ಸೇರುತ್ತದೆ. ಬಚ್ಚಿಟ್ಟರೆ ಮಕ್ಕಳುಮರಿ ನೀರಲ್ಲಿ.

ನಾಲ್ಕನೇ ದಿನ ಬಂದಳು. "ಕಾಗ್ದ ಇಲ್ಲೇ ಬುಟ್ಟು ಬನ್ನಿ." ನೇರ ದಾರಿಯಿದ್ದರೂ, ಗುರುತು ಸಿಗದಿರಲೆಂದು ಅವರನ್ನು ಎರಡು ಸುತ್ತು ಸುತ್ತಿಸಿ ದಿಣ್ಣೆಗೆ ಹತ್ತಿಸಿದಳು.

"ಈ ಕಡೆ ಆರು ಮನೆ, ಆ ಕಡೆ ಆರು. ಎರಡ್ಕೂ ಬ್ಯಾರೆ ಬಾವಿ, ಬ್ಯಾರೆ ದಾರಿ. ಮಧ್ಯ ಮುಟ್ಟಂಗಿಲ್ಲ."

"ಮಧ್ಯ ಏನೈತೆ?"

"ನಿಮಗ್ಯಾಕೆ?"

ನಡುವೆ ನೆಟ್ಟಿದ್ದ ಸಮಾಧಿ ಕಲ್ಲುಗಳನ್ನು ಪಾಷಾ ಕಂಡರು, ಟೋಪಿ ಸರಿಮಾಡಿಕೊಂಡು ದಿಣ್ಣೆಯ ಎರಡು ಬದಿಯನ್ನಷ್ಟೇ ಅಳೆಯತೊಡಗಿದರು.

ಇಂಜಿನಿಯರು ಗೊಣಗಿಕೊಂಡೇ ಹೊಸ ನಕ್ಷೆಗೆ ರುಜು ಹಾಕಿದರು.

"ಮಧ್ಯ ಏನ್ ಬರ್ಸಿದ್ರಿ?" ಎಂದು ಜವರಿ ಪಾಷಾರನ್ನು ಕೇಳಿದಳು.

"ಬಂಡೆ ಅಂತ. ಬಂಡೇನ ಯಾರೂ ಅಗೆಯಲ್ಲ."

ಅವಳು ನಕ್ಷೆ ಕಿತ್ತುಕೊಂಡು ಹೋಗಿ ಮೇಷ್ಟ್ರ ಕೈಲೊಮ್ಮೆ, ಹೋಟೆಲಿನವನ ಕೈಲೊಮ್ಮೆ ಓದಿಸಿದಳು. ಇಬ್ಬರೂ "ಬಂಡೆ" ಎಂದರು. ಸಂಜೆಯೊಳಗೆ ದಿಣ್ಣೆಗೆ ಬಂದು, ಪಾಷಾರ ಕೈಯಿಂದ ಸುತ್ತಿಗೆ ತಗೊಂಡು ಮೊದಲ ಗೂಟ ತಾನೇ ಹೊಡೆದಳು.