ಜೋಡುನಳಿಗೆಯ ಸಡಿಲು ಸದ್ದು

ಎರಡು ವರ್ಷದ ಹಿಂದೆ ನಾನು ಕಾಮಾಕ್ಷಿಪಾಳ್ಯದ ಕೋವಿ ರಿಪೇರಿ ಅಂಗಡಿಯೊಂದರಲ್ಲಿ ಮೆಕ್ಯಾನಿಕ್. ಗಿರಾಕಿಗಳು ಬೆನ್ನು ತಿರುಗಿಸಿದ ಕೂಡಲೇ ಅವರದೇ ದನಿಯಲ್ಲಿ ಮಾತಾಡಿ ನಗಿಸುವುದು ನನ್ನ ಇನ್ನೊಂದು ಕೆಲಸ. ಅದಕ್ಕೆ ಸಂಬಳವಿರಲಿಲ್ಲ, ಬೈಗುಳ ಧಾರಾಳವಾಗಿತ್ತು.

ಒಂದು ಬೆಳಿಗ್ಗೆ ಚಂದ್ರಾ ಲೇಔಟ್‌ನ ಜಯಮ್ಮ, ಮಗ ಮಂಜುವಿನೊಂದಿಗೆ ಬಂದರು. ತಂದಿದ್ದು ಗಂಡನ ಜೋಡುನಳಿಗೆ ಕೋವಿ. ಬ್ಯಾಂಕ್ ಗಾರ್ಡ್ ಆಗಿದ್ದ ಅವರು ತೀರಿಕೊಂಡ ಮೇಲೆ ಲೈಸೆನ್ಸ್ ಮಂಜುವಿನ ಹೆಸರಿಗೆ ಬಂದಿತ್ತು. ಮುಂದಿನ ವಾರ ಅವನೂ ಇದೇ ಕೋವಿ ಹಿಡಿದು ಗಾರ್ಡ್ ಕೆಲಸಕ್ಕೆ ಸೇರುವವನಿದ್ದ.

"ಸುಮ್ನೆ ಎಣ್ಣೆ ಹಾಕ್ಕೊಡು ಗುರು," ಅಂದ.

ಕೋವಿ ಖಾಲಿಯೆಂದು ಖಚಿತಪಡಿಸಿಕೊಂಡು, ನಳಿಗೆಯಡಿಯ ಮರದ ತುಂಡು ಬಿಚ್ಚಿದೆ. ಅದರೊಳಗಿನ ಸ್ಪ್ರಿಂಗ್ ನಳಿಗೆಗಳನ್ನು ಒತ್ತಿ ಹಿಡಿದು ಸಡಿಲನ್ನು ಮುಚ್ಚಿಡುತ್ತದೆ. ಈಗ ನಳಿಗೆಗಳು ಅಲುಗಾಡಿದವು. ಬೆಳಕಿಗೆ ಹಿಡಿದರೆ, ನಳಿಗೆಯ ಹಿಂತುದಿಗೂ ಅದು ಒತ್ತಿ ಕೂರಬೇಕಾದ ಉಕ್ಕಿನ ಗೋಡೆಗೂ ನಡುವೆ ಬೆಳಕಿನ ಗೆರೆ. ನಳಿಗೆ ಮಡಚಿ ತೆರೆಯುವ ಕೀಲು, ಅಂದರೆ ಹಿಂಜ್ ಪಿನ್, ಸವೆದಿತ್ತು. ಹೀಗೇ ಹಾರಿಸಿದರೆ ತೋಟಾ ಹಿಂಬದಿಯಲ್ಲಿ ಒಡೆದು ಬಿಸಿ ಗ್ಯಾಸು ಮಂಜುವಿನ ಮುಖಕ್ಕೇ ನುಗ್ಗಬಹುದಿತ್ತು.

"ಯಜಮಾನ್ರು ಇದನ್ನ ಹೇಗೆ ಮುಚ್ತಿದ್ರಮ್ಮ?"

ಜಯಮ್ಮ ಗಾಳಿಯಲ್ಲೇ ಕೈ ಜಾಡಿಸಿದರು. "ಹಿಂಗೆ. ಸ್ಟೈಲು! ಮನೆಗೆ ಬಂದು ತೋಟಾ ತೆಗೆದು ಹಿಂಗೆ ಮುಚ್ಚೋರು. ಆ ಸದ್ದು ಕೇಳಿದ್ಮೇಲೇ ನಾನು ಸಾರು ಬಿಸಿಗಿಡ್ತಿದ್ದೆ."

ನಾನು ಬಾಯಲ್ಲಿ "ಟಕ್" ಎಂದೆ.

"ಅಲ್ಲ ಕಣಪ್ಪ. ಕಟ-ಟಕ್. ಎರಡು ಸದ್ದು."

ಊರವರ ದನಿಯೆಲ್ಲ ಬರುವ ನನ್ನ ಬಾಯಿಗೆ ಅದೊಂದು ಬರಲಿಲ್ಲ. ಆದರೆ ಕಾಯಿಲೆಯ ಮೂಲ ಸಿಕ್ಕಿತ್ತು. ಜಾಡಿಸಿ ಜಾಡಿಸಿಯೇ ಪಿನ್ ಸವೆದಿತ್ತು. ಮೊದಲ ಸದ್ದು ಆ ಸಡಿಲಿನದು. ದಪ್ಪ ಪಿನ್ ಹಾಕಿ ಉಜ್ಜಿ ಕೂರಿಸಿದರೆ ಕೋವಿ ಮೆತ್ತಗೆ ಮುಚ್ಚುತ್ತದೆ ಎಂದೆ.

"ಆ ಸದ್ದು ಬರಲ್ವಾ?"

"ಬರಬಾರದಮ್ಮ."

"ಅಮ್ಮ, ಸದ್ದು ಮುಖ್ಯಾನೋ, ನನ್ ಮುಖ ಮುಖ್ಯಾನೋ?" ಎಂದ ಮಂಜು.

"ನಿನ್ ಮುಖ ಯಾರ್ ನೋಡ್ತಾರೋ," ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. "ಹೊಸ ಪಿನ್ನೇ ಹಾಕಪ್ಪ." ಕೋವಿ ಸವರುತ್ತ ಕೇಳಿದರು, "ಅದಕ್ಕೆ ಮುಂಚೆ ಒಂದ್ ಸಲ ಮುಚ್ಲಾ?"

ಕೋವಿ ಜಾಡಿಸುವವರಿಗೆ ದಿನವಿಡೀ ಬುದ್ಧಿ ಹೇಳುತ್ತಿದ್ದವನು ನಾನು. ಮರದ ತುಂಡನ್ನು ಮತ್ತೆ ಕೂರಿಸಿ, ಖಾಲಿ ಕೋವಿಯನ್ನು ತೆರೆದು ಅವರ ಕೈಗಿಟ್ಟೆ. ಭಾರಕ್ಕೆ ಎರಡೂ ಕೈ ಬೇಕಾಯಿತು. ಜಾಡಿಸಿದರು.

ಕಟ-ಟಕ್.

ಮಂಜು ಮಾಗಡಿ ರಸ್ತೆಯ ಬಸ್ಸುಗಳ ಕಡೆ ತಿರುಗಿಕೊಂಡ.

ಸವೆತ ತೆಗೆಯುವುದೇ ನಮ್ಮ ಕಸುಬು. ಆದರೆ ತೆಗೆಯುವ ಮುನ್ನ ಅದು ಯಾರ ಕೈಯ ಸವೆತವೆಂದು ಕೇಳಬೇಕು, ಅವರಿಗಾಗಿ ಕಾದವರಿಗೆ ಸ್ವಲ್ಪ ಹೊತ್ತು ಬಿಡಬೇಕು. ಅದನ್ನು ಕಲಿತದ್ದು ಆವತ್ತು.

"ಇನ್ನೊಂದ್ ಸಲ ಮುಚ್ಚಿ ಅಮ್ಮ," ಎಂದೆ.