ಸಿಹಿನೀರಿನ ತಪ್ಪು

ಚಳ್ಳಕೆರೆಯಿಂದ ದೂರ ಹೊರಟರೆ ನಮ್ಮ ಜನ ಬಟ್ಟೆ ಮರೆತರೂ ಕುಡಿಯುವ ನೀರಿನ ಕ್ಯಾನು ಮರೆಯುವುದಿಲ್ಲ. ಕಾಲೇಜಿನ ಗೆಳೆಯನ ತಂದೆಯನ್ನು ಕಾಣಲು ಕರಾವಳಿಗೆ ಹೋದಾಗಲೂ ಅದು ನಮ್ಮೊಡನೆ ಇತ್ತು. ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರದಲ್ಲಿ ಕುರಿ ಸಾಕುವ ನನ್ನ ಭಾವನೂ ಜೊತೆಗಿದ್ದರು.

ಗೆಳೆಯನ ತಂದೆ ಕಡಲಂಚಿನ ಬಂಡೆಗಳ ಮೇಲೆ ಗಾಳ ಹಾಕುತ್ತಲೇ ಬದುಕಿದವರು. ಅಂದು ಮಧ್ಯಾಹ್ನ ಅವರ ಮಗಳು ಗಂಡನ ಮನೆಯವರೊಡನೆ ಮೊದಲ ಸಲ ಊಟಕ್ಕೆ ಬರುವವಳಿದ್ದಳು. ಬೀಗರಿಗೆ ತಮ್ಮ ಕೈಯಾರೆ ಹಿಡಿದ ಬಂಡೆಮೀನನ್ನೇ ಬಡಿಸಬೇಕೆಂಬುದು ಹಿರಿಯರ ಹಂಬಲ. ಕಲ್ಲಿನ ಸಂದಿಯಲ್ಲಿ ಅವಿತಿರುವ ಆ ಮೀನು ಜೀವಂತ ಎರೆಗಲ್ಲದೆ ಹೊರಬರುವುದಿಲ್ಲವಂತೆ. ಬೆಳಿಗ್ಗೆಯೇ ನಮ್ಮನ್ನು ಬಂಡೆಗಳಿಗೆ ಕರೆತಂದು, ಎರೆಗೆಂದು ಬಕೆಟ್ಟಿನಲ್ಲಿ ತಂದಿದ್ದ ಜೀವಂತ ಸಿಗಡಿಗಳನ್ನು ನೋಡಿಕೊಳ್ಳಲು ಹೇಳಿ, ಅವರು ಜಾಗ ನೋಡಲು ಮುಂದೆ ಹೋದರು.

ಬಕೆಟ್ಟಿನ ನೀರು ಕಲಕಿ ಹೋಗಿತ್ತು. ಭಾವ ಬೆರಳದ್ದಿ ನಾಲಿಗೆಗೆ ಸೋಕಿಸಿ ಉಗಿದರು. ಇಂಥ ನೀರನ್ನು ತಮ್ಮ ಕುರಿಗೂ ತೋರಿಸುವುದಿಲ್ಲವೆಂದರು. ಅನ್ಯಾಯ ಕಂಡಲ್ಲಿ ಎದ್ದು ನಿಲ್ಲಬೇಕೆಂದು ಚರ್ಚಾಸ್ಪರ್ಧೆಯ ವೇದಿಕೆಗಳಲ್ಲಿ ವಾದಿಸಿದ್ದ ನಾನು ಎದ್ದು ನಿಂತೆ. ಉಪ್ಪುನೀರು ಚೆಲ್ಲಿ, ಕ್ಯಾನಿನ ಸಿಹಿನೀರು ತುಂಬಿದೆ. ಸಿಗಡಿಗಳು ಚಿಮ್ಮಿದವು. ಸಂತೋಷಕ್ಕೆಂದೇ ನಾವು ತಿಳಿದೆವು. ಹಿರಿಯರು ಮರಳುವ ಹೊತ್ತಿಗೆ ಅವೆಲ್ಲ ಬಿಳಿಚಿಕೊಂಡು ತಳ ಸೇರಿದ್ದವು.

"ಸತ್ತದ್ದಕ್ಕೆ ಏಡಿ ಬರ್ತದೆ," ಎಂದರು ಹಿರಿಯರು, ಬಕೆಟ್ಟನ್ನೇ ನೋಡುತ್ತ. "ಬಂಡೆಮೀನು ಬರುದಿಲ್ಲ."

ಬೇರೆ ಸಿಗಡಿ ತರುವಷ್ಟರಲ್ಲಿ ಕಡಲು ಏರಿ ಈ ಬಂಡೆಗಳನ್ನು ಮುಚ್ಚುತ್ತದೆಂದೂ ತಿಳಿಸಿದರು. ನನ್ನ ಉದ್ದೇಶ ಒಳ್ಳೆಯದಿತ್ತೆಂದು ನಾನು ವಿವರಿಸತೊಡಗಿದೆ.

"ಲೇ, ಭಾಷಣ ಆಮೇಲೆ ಮಾಡುವಂತೆ," ಎಂದರು ಭಾವ. "ನೀನು ಮಾತಾಡಿದ್ರೆ ಅವು ಎದ್ದು ಓಡಾಡ್ತಾವಾ?"

ತಪ್ಪು ನನ್ನದು ಎಂದಷ್ಟೇ ಹೇಳಿದೆ. ಜೀವಂತ ಎರೆ ತಂದುಕೊಡದೆ ಈ ಬಂಡೆ ಬಿಟ್ಟು ಕದಲುವುದಿಲ್ಲವೆಂದು ನಿಶ್ಚಯಿಸಿದೆ.

ಬೆಳಗಿನ ಇಳಿತದಲ್ಲಿ ಕಲ್ಲಿನ ಗುಂಡಿಗಳಲ್ಲಿ ಉಳಿದಿದ್ದ ನೀರಿನಲ್ಲಿ ಬೆರಳುದ್ದದ ಮೀನುಗಳು ಆಡುತ್ತಿದ್ದವು. ಟವೆಲ್ಲಿನಿಂದ ಎಷ್ಟು ಸಲ ಬಾಚಿದರೂ ನೀರು ಮಾತ್ರ ಬಂತು. ಚಿಪ್ಪು ತಾಗಿ ಮೊಣಕಾಲು ಕೊಯ್ದುಹೋಯಿತು. ನೋಡುತ್ತ ನಿಂತಿದ್ದ ಭಾವ ಕೊನೆಗೆ ಪಂಚೆ ಎತ್ತಿ ಕಟ್ಟಿ ಇಳಿದರು. ಬೆನ್ನಟ್ಟಿದರೆ ಕುರಿಯೂ ಚದುರುತ್ತದೆ ಎಂದರು. ನನ್ನನ್ನು ಗುಂಡಿಯ ಕಿರಿದಾದ ತುದಿಯಲ್ಲಿ ಟವೆಲ್ ಹಿಡಿಸಿ ಕೂರಿಸಿ, ತಾವು ಆಚೆಯಿಂದ ಎರಡೂ ಕೈ ಅಗಲಿಸಿ, ಕುರಿಹಿಂಡನ್ನು ರೊಪ್ಪದ ಬೇಲಿಯೊಳಕ್ಕೆ ಹೊಡೆಯುವಂತೆ ಮೆಲ್ಲಗೆ ನಡೆದು ಬಂದರು. ಮೂರು ಮೀನು ಟವೆಲ್ಲಿನೊಳಗಾದವು. ಬಕೆಟ್ಟಿಗೆ ಕಡಲ ನೀರು ತುಂಬಿ, ನಾಲಿಗೆಗೆ ಸೋಕಿಸಿ, ಉಪ್ಪೆಂದು ಖಚಿತವಾದ ಮೇಲೆಯೇ ಅವನ್ನು ಬಿಟ್ಟೆ.

ಹಿರಿಯರು ಗಾಳಕ್ಕೆ ಚುಚ್ಚಿ ಬಿಟ್ಟ ಮೊದಲನೆಯದನ್ನು ಏನೋ ಕಚ್ಚಿ ಕದ್ದೊಯ್ದಿತು. ಎರಡನೆಯದರ ದಾರ ಕಲ್ಲಿಗೆ ಉಜ್ಜಿ ತುಂಡಾಯಿತು. ನೀರು ಆಗಲೇ ನಮ್ಮ ಪಾದ ಮುಟ್ಟಿತ್ತು. ಮೂರನೆಯದರ ಬೆನ್ನಿಗೆ ಹಿರಿಯರು ಗಾಳ ಚುಚ್ಚಿ ಸಂದಿಯ ಬಾಯಿಗೇ ಇಳಿಬಿಟ್ಟರು. ದಾರ ಬಿಗಿದದ್ದೇ ತಡ, ಮೀನು ಮತ್ತೆ ಸಂದಿ ಹೊಗದಂತೆ ಸರಸರನೆ ಹಿಂದಕ್ಕೆ ನಡೆದರು. ಕಂದು ಚುಕ್ಕೆಗಳ ದಪ್ಪ ಮೀನು ಬಂಡೆಯ ಮೇಲೆ ಬಿತ್ತು.

ಮಧ್ಯಾಹ್ನ ಬೀಗರ ಪಂಕ್ತಿಯಲ್ಲಿ ನಮಗೂ ಎಲೆ ಹಾಕಿದರು. ಎರೆ ಹಿಡಿದುಕೊಟ್ಟವರು ಇವರೇ ಎಂದು ಹಿರಿಯರು ಪರಿಚಯಿಸಿದರು. ಸಿಗಡಿಯ ಸುದ್ದಿ ಎತ್ತಲಿಲ್ಲ. ಅದನ್ನು ನಾನೇ ಹೇಳಿದೆ. ಹೇಳಿ ಮುಗಿಸಿ ನೀರಿನ ಲೋಟಕ್ಕೆ ಕೈ ಹಾಕಿದಾಗ ಭಾವ ಅದನ್ನು ಕಸಿದುಕೊಂಡು ಒಂದು ಗುಟುಕು ಕುಡಿದು ನೋಡಿದರು.

"ಕುಡಿ," ಎಂದರು. "ಸಿಹಿ ಐತೆ."